ಚಿಕ್ಕಪ್ಪನ ನೊರೆಕೋಣೆ

ಸೋಮವಾರ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಅಕ್ಕಪಕ್ಕ ನೋಡಿ ನಡೆಯುವುದಿಲ್ಲ. ಹಾಲು ಹಾಕುವವನು ನೆಲ ನೋಡಿಕೊಂಡು ಬರುತ್ತಾನೆ, ಪೇಪರಿನವನು ಆಕಾಶ ನೋಡಿಕೊಂಡು ಎಸೆಯುತ್ತಾನೆ, ಹೂ ಮಾರುವವಳು ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಬರೀ ಧ್ವನಿ ಕೇಳಿಯೇ ಮೊಳ ಹಾಕುತ್ತಾಳೆ. ಹೊರಗಿನಿಂದ ಬಂದ ನೆಂಟರು, ಅಬ್ಬಾ ಎಂಥ ವಿನಯದ ಜನ ಎಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ವಾರವೆಲ್ಲ ನಾವು ಮೈಗೆ, ತಲೆಗೆ, ಮುಖಕ್ಕೆ ಹಚ್ಚಿ ತೊಳೆದು ಬಚ್ಚಲಿಗೆ ಬಿಟ್ಟದ್ದು ಅವತ್ತು ನೊರೆಯಾಗಿ ವಾಪಸು ಬಂದು ಅವರವರ ಹೊಸ್ತಿಲ ಮೇಲೆ ಕೂತಿರುತ್ತದೆ. ಅದನ್ನೆತ್ತಿ ಒಳಗಿಡುವವರೆಗೂ ಒಬ್ಬರ ಬಾಗಿಲನ್ನು ಇನ್ನೊಬ್ಬರು ನೋಡಬಾರದು ಎಂಬುದು ಮುತ್ತಜ್ಜಂದಿರ ಕಾಲದಿಂದ ಬಂದ ಕಟ್ಟಳೆ.

ಎಲ್ಲವೂ ವಾಪಸು ಬರುವುದಿಲ್ಲ. ಸೀಗೆಪುಡಿ, ಕಡಲೆಹಿಟ್ಟು, ಅರಿಶಿನ, ದಾಸವಾಳದ ಸೊಪ್ಪಿನ ಲೋಳೆ ಇವೆಲ್ಲ ಹೋದವು ಅಂದರೆ ಹೋದವು. ಬಾಟಲಿಯಲ್ಲಿ, ಟ್ಯೂಬಿನಲ್ಲಿ, ಘಮ ಘಮ ಪ್ಯಾಕೆಟ್ಟಿನಲ್ಲಿ ಬಂದದ್ದಕ್ಕೆ ಮಾತ್ರ ಮನೆಯ ದಾರಿ ಚೆನ್ನಾಗಿ ಗೊತ್ತು. ಬಂದ ನೊರೆಯನ್ನು ಬಿಸಿಲಿಗಿಟ್ಟರೆ ಒಣಗಿ ಇಲ್ಲವಾಗುತ್ತದೆ, ಅದೇನೂ ಕಷ್ಟವಲ್ಲ. ಆದರೆ ನಮ್ಮ ಮನೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿವೆ, ಮೇಲೆಲ್ಲ ಹೆಂಚು, ಹಿತ್ತಿಲೆಂಬುದು ಯಾರಿಗೂ ಇಲ್ಲ. ಬಿಸಿಲು ಬೀಳುವುದು ಬೀದಿಯಲ್ಲಿ ಮಾತ್ರ. ಹತ್ತು ಜನರ ಕಣ್ಣೆದುರು ತನ್ನ ನೊರೆಯನ್ನು ಒಣಗಿಹಾಕುವ ಧೈರ್ಯ ಯಾರಿಗಿದೆ? ಹಾಗಾಗಿ ಮನೆ ಕಟ್ಟುವಾಗ ಮೊದಲು ದೇವರ ಕೋಣೆಗೆ ಜಾಗ ಬಿಡುತ್ತಾರೆ, ಆಮೇಲೆ ನೊರೆಕೋಣೆಗೆ. ಎರಡನೆಯದೇ ಯಾವಾಗಲೂ ದೊಡ್ಡದು.

ನಮ್ಮ ಹಾಲೇಶಪ್ಪ ಚಿಕ್ಕಪ್ಪ ಬ್ಯಾಂಡ್‌ಸೆಟ್ಟಿನ ಮಾಸ್ತರ. ಕ್ಲಾರಿಯೋನೆಟ್ ಹಿಡಿದು ಮೆರವಣಿಗೆಯ ಮುಂದೆ ನಿಂತನೆಂದರೆ ಮದುವೆ ಗಂಡು ಯಾರೆಂದು ಒಂದು ಗಳಿಗೆ ಅನುಮಾನ ಬರುತ್ತಿತ್ತು. ಊರಿನ ಅಷ್ಟೂ ಮದುವೆಗಳ ಮುಂದೆ ನಡೆದವನು, ತನ್ನ ಮದುವೆಯ ಮುಂದೆ ನಡೆಯುವುದನ್ನು ಮಾತ್ರ ಮರೆತುಬಿಟ್ಟಿದ್ದ. ವಯಸ್ಸು ಐವತ್ತಾರು. ತಲೆಗೂದಲು ಇಪ್ಪತ್ತೆರಡು. ಅಂದರೆ ಹಾಗೆ ಕಾಣುತ್ತಿತ್ತು, ಕಾಡಿಗೆಗಿಂತ ಕಪ್ಪು. ಭಾನುವಾರ ಬಚ್ಚಲ ಬಾಗಿಲು ಹಾಕಿಕೊಂಡು ಬಟ್ಟಲಲ್ಲಿ ಏನೋ ಕಲೆಸುತ್ತಿದ್ದ, ಸೋಮವಾರ ಬೆಳಿಗ್ಗೆ ಕರಿಕುರಿಯ ಹಾಗೆ ನೊರೆ ಹೊಸ್ತಿಲ ಮೇಲೆ ಕೂತಿರುತ್ತಿತ್ತು. ಪಕ್ಕದ ಮನೆಯಲ್ಲೇ ಇರುವ ನಾನು ರೊಟ್ಟಿ ಕೊಡಲು ಹೋಗುವಾಗ ಕಟ್ಟಳೆಯ ಪ್ರಕಾರ ಗೋಡೆ ನೋಡಿಕೊಂಡು ಹೋಗುತ್ತಿದ್ದೆ. "ನೋಡಿಲ್ಲ ತಾನೆ ದಾಕ್ಷಿ?" ಅನ್ನುತ್ತಿದ್ದ. "ಏನನ್ನ ಚಿಕ್ಕಪ್ಪ?" ಅನ್ನುತ್ತಿದ್ದೆ. ಇಬ್ಬರಿಗೂ ಸಮಾಧಾನ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ನಮ್ಮೂರಿನಲ್ಲಿ ಬೆಕ್ಕುಗಳು ಮಾತ್ರ ಮಾಡುವ ಕೆಲಸವಲ್ಲ.

ಬ್ಯಾಂಡಿನವರು ಅಭ್ಯಾಸ ಮಾಡುವ ಶೆಡ್ಡಿನ ಪಕ್ಕದಲ್ಲೇ ಸಿದ್ಧಗಂಗಮ್ಮನ ಸೀಗೆಗಿರಣಿ. ಸೀಗೇಕಾಯಿ ಪುಡಿ ಮಾಡಿ ಸುತ್ತಲ ಹತ್ತೂರಿಗೆ ಮಾರುವ ಹೆಂಗಸು. ಐವತ್ತರ ಆಸುಪಾಸು, ಮದುವೆಯಾಗಿಲ್ಲ, ಕಪ್ಪು ಮೈ, ಅರ್ಧಕ್ಕರ್ಧ ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು ಗಿರಣಿ ಮುಂದೆ ಕೂತರೆ ಜೋರು ಮಾತಾಡಲು ಗಂಡಸರೂ ಹಿಂದೆಮುಂದೆ ನೋಡುತ್ತಿದ್ದರು. ಅವಳ ಬಾಗಿಲಲ್ಲಿ ನೊರೆ ಕೂತದ್ದನ್ನು ಯಾರೂ ಕಂಡಿಲ್ಲ. ಗಿರಣಿಯ ಧೂಳು ಶೆಡ್ಡಿಗೆ ಹೊಕ್ಕು ಇಡೀ ಬ್ಯಾಂಡಿಗೆ ಸೀನು ಹಿಡಿದು, ಒಂದು ದಿನ ಚಿಕ್ಕಪ್ಪ ಜಗಳಕ್ಕೆಂದು ಹೋದ. ಬಾಯಿ ತೆಗೆದದ್ದೇ ಹನ್ನೊಂದು ಸಲ ಸೀನಿದ. ಆಕೆ ಎಣಿಸಿದಳಂತೆ. "ಮುಗೀತಾ ಮಾಸ್ತರೆ? ಈಗ ಬಯ್ಯಿರಿ" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳಂತೆ. ಅಲ್ಲಿಂದ ವಾರಕ್ಕೆರಡು ಸಲ ಜಗಳಕ್ಕೆ ಹೋಗತೊಡಗಿದ. ಆರು ತಿಂಗಳಾದರೂ ಜಗಳ ಶುರುವಾಗಲಿಲ್ಲ.

ಕೊನೆಗೆ ನಾನೇ ಮಧ್ಯಸ್ಥಿಕೆಗೆ ಹೋಗಬೇಕಾಯಿತು. "ಗಂಗಕ್ಕ, ನಮ್ಮ ಚಿಕ್ಕಪ್ಪ ಅಂದ್ರೆ ಹೇಗೆ ಅನ್ಸುತ್ತೆ ನಿಮಗೆ?" ಅಂದೆ. ಅವಳು ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಲೂ ಇಲ್ಲ.

"ಅವರೇ ಕಳ್ಸಿದ್ರಾ, ನೀನೇ ಬಂದ್ಯಾ?"

"ಅವನಿಗೆ ಧೈರ್ಯ ಎಲ್ಲಿದೆ, ನಾನೇ ಬಂದೆ."

"ಮನುಷ್ಯ ಒಳ್ಳೇನು. ಆದ್ರೆ ನೋಡು ದಾಕ್ಷಾಯಿಣಿ, ನಾನು ಸೀಗೆ ಮಾರೋಳು. ನಾಳೆ ನಾನಿರೋ ಮನೆ ಬಾಗಿಲಲ್ಲಿ ಹಂಡೆಯಷ್ಟು ಕರೀ ನೊರೆ ಕೂತಿದ್ರೆ ನನ್ನ ಪುಡಿ ಯಾರು ತಗೋತಾರೆ? ಹನ್ನೆರಡು ಸೋಮವಾರ ಬಾಗಿಲು ಬರಿದಾಗಿರ್ಲಿ. ಆಮೇಲೆ ಮನೆ ನೋಡೋಕೆ ಬರ್ತೀನಿ. ಹೆಣ್ಣು ನೋಡೋ ಶಾಸ್ತ್ರ ನನಗೆ ಒಂದ್ಸಲ ಆಗಿ ಸಾಕಾಗಿದೆ. ಈ ಸಲ ನೋಡೋಳು ನಾನು."

"ಅಂದ್ರೆ ಸೋಮವಾರ ನೀವು ಬಾಗಿಲು ನೋಡ್ತೀರಾ?" ಅಂದೆ, ಕಿವಿಯನ್ನೇ ನಂಬದೆ.

"ನಿಮ್ಮೋರೆಲ್ಲ ನೋಡಲ್ವಾ?" ಅಂದಳು. ನಾನು ಮಾತು ಬದಲಿಸಿದೆ.

ಸುದ್ದಿ ಕೇಳಿ ಚಿಕ್ಕಪ್ಪನ ಮುಖ ಒಮ್ಮೆ ಅರಳಿತು, ಮರುಗಳಿಗೆಗೆ ಹರಳೆಣ್ಣೆ ಕುಡಿದವನ ಹಾಗಾಯಿತು. ಕನ್ನಡಿ ಮುಂದೆ ನಿಂತು ಕೂದಲಿನೊಳಗೆ ಬೆರಳಾಡಿಸುತ್ತ, "ನರೆತ ಮಾಸ್ತರನ್ನ ಯಾವ ಮದುವೇಗೆ ಕರೀತಾರೆ ದಾಕ್ಷಿ? ತಿಥಿಗೆ ಕರೀಬೇಕಷ್ಟೆ" ಅಂದ. ತಿಥಿಗೆ ಬ್ಯಾಂಡು ಕರೆಯುವುದಿಲ್ಲ ಎಂದು ನೆನಪಿಸಿದೆ. ಅದರಿಂದ ಅವನಿಗೇನೂ ಸಮಾಧಾನವಾಗಲಿಲ್ಲ.

ಆದರೂ ಪ್ರಯತ್ನ ಶುರುವಾಯಿತು. ಸಂತೆಗೆ ಬಂದಿದ್ದ ಬ್ಯಾಗು ಹೊತ್ತ ಮಾರಾಟಗಾರನೊಬ್ಬನಿಂದ ಹಸಿರು ಬಾಟಲಿ ತಂದ. ಮೇಲೆ ಎಲೆಯ ಚಿತ್ರ, ಎಲೆಯ ಮೇಲೆ ಇಬ್ಬನಿಯ ಚಿತ್ರ, ಪಕ್ಕದಲ್ಲಿ ಗಡ್ಡದ ಋಷಿ ಬೇರೆ. "ಕಾಡಿನಿಂದ ನೇರವಾಗಿ ಬಂದಿದ್ದಂತೆ. ಅಪ್ಪಟ ಗಿಡಮೂಲಿಕೆ. ಕೆರೆಗೂ ಒಳ್ಳೇದಂತೆ" ಅಂದ. ಹಿಂದೆ ತಿರುಗಿಸಿ ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮೂವತ್ತು ಹೆಸರುಗಳಿದ್ದವು, ಗಿಡದ ಹೆಸರು ಅನ್ನುವಂಥದ್ದು ಕೊನೆಯಲ್ಲಿ ಒಂದೇ ಒಂದು. ಹೇಳಿದರೆ ಕೇಳಬೇಕಲ್ಲ. ಗಿಡಮೂಲಿಕೆ ತಾನೆ, ಹೆಚ್ಚಾದರೇನು ಎಂದು ಎರಡರಷ್ಟು ಸುರಿದುಕೊಂಡ. ಸೋಮವಾರ ನೊರೆಯೂ ಎರಡರಷ್ಟು ಬಂತು, ಎಲೆ ಹಸಿರು ಬಣ್ಣದಲ್ಲಿ, ಮಲ್ಲಿಗೆ ವಾಸನೆ ಬೀರುತ್ತ, ಕಿಟಕಿಯವರೆಗೆ. ಅದನ್ನು ಒಳಗೆಳೆದುಕೊಳ್ಳಲು ನಾವಿಬ್ಬರೂ ಸೇರಬೇಕಾಯಿತು. ಬಾಗಿಲಲ್ಲಿ ತುರುಕುವಾಗ ಚಿಕ್ಕಪ್ಪ ಆ ಋಷಿಗೆ ಬಯ್ದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ.

ಆಮೇಲೆ ಮದರಂಗಿ. ಅದು ವಾಪಸು ಬರಲಿಲ್ಲ, ಸರಿ. ಆದರೆ ಒಂದೇ ಸಲಕ್ಕೆ ಆಸೆಪಟ್ಟು ಬೆಳಗಿನಿಂದ ಸಂಜೆವರೆಗೆ ಮೆತ್ತಿಕೊಂಡು ಕೂತು ತೊಳೆದಾಗ ತಲೆ ಮಾಗಿದ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತು. ಮೂರು ವಾರ ಪೇಟ ಸುತ್ತಿಕೊಂಡು ಬ್ಯಾಂಡು ಬಾರಿಸಿದ. ಜನ ಹೊಸ ಯೂನಿಫಾರ್ಮು ಅಂದುಕೊಂಡರು. ಪಾಪ, ಡೋಲಿನವನೂ ಮಾಸ್ತರರ ಗೌರವಕ್ಕೆ ತಾನೂ ಒಂದು ಪೇಟ ಸುತ್ತಿಕೊಂಡು ಬಂದ.

ಅಂಟುವಾಳವೇ ಸರಿ ಎಂದು ಯಾರೋ ಹೇಳಿದರಂತೆ, ಒಂದು ಬುಟ್ಟಿ ಕಾಯಿ ತಂದು ನೆನೆಹಾಕಿದ. ಅದನ್ನು ಕಂಡ ಗಂಗಮ್ಮ ಬೀದಿಯಲ್ಲೇ ನಿಂತು ಗದರಿದಳು: "ಮಾಸ್ತರೆ, ತಲೆ ತೊಳೀತೀರೋ ಆನೆ ತೊಳೀತೀರೋ? ನಾಲ್ಕು ಕಾಯಿ ಸಾಕು. ಮಿಕ್ಕಿದ್ದು ಕೆರೆಗೆ ಹೋದ್ರೆ ಮೀನೆಲ್ಲ ಮತ್ತೇರಿ ತೇಲ್ತವೆ. ಮರದಿಂದ ಬಿದ್ದದ್ದೆಲ್ಲ ಅಮೃತ ಅನ್ಕೊಂಡ್ರಾ? ವಾಪಸು ಬರಲ್ಲ ಅಂದ್ರೆ ಎಲ್ಲೂ ಹೋಗಲ್ಲ ಅಂತ ಅರ್ಥ ಅಲ್ಲ." ಚಿಕ್ಕಪ್ಪ ಬುಟ್ಟಿಯನ್ನು ಎದೆಗವಚಿಕೊಂಡು ತಲೆಯಾಡಿಸಿದ. ಬೈಸಿಕೊಂಡ ಖುಷಿ ಎರಡು ದಿನ ಮುಖದ ಮೇಲಿತ್ತು.

ಕೊನೆಗೆ ಅವಳೇ ದಾರಿ ಹೇಳಿಕೊಟ್ಟಳು. ತಲೆಗೆ ಸೀಗೆ, ಮೈಗೆ ಹೆಸರುಹಿಟ್ಟು, ಗಡ್ಡ ಬೋಳಿಸುವಾಗ ಕೊಬ್ಬರಿ ಎಣ್ಣೆ, ಆಮೇಲೆ ಪಟಿಕ. ಕಪ್ಪು ಬೇಕೇ ಬೇಕೆಂದರೆ ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಚಟ್ಟು ನೆನೆಸಿ ಹಚ್ಚಿಕೊಳ್ಳಿ ಎಂದಳು. ಹಚ್ಚಿಕೊಂಡ. ಕೂದಲಿಗಿಂತ ದಿಂಬು ಚೆನ್ನಾಗಿ ಕಪ್ಪಾಯಿತು. ಒಂದು ಬೆಳಿಗ್ಗೆ ಬಾಣಲೆಯನ್ನು ನನ್ನ ಕೈಗಿಟ್ಟು, "ಬೋಂಡ ಕರ್ಕೋ" ಅಂದ. ಅವತ್ತಿನಿಂದ ಏನನ್ನೂ ಹಚ್ಚಲಿಲ್ಲ.

ಬಿಳಿ ಬೇರಿನಿಂದ ಇಳಿಯುತ್ತ ಬಂತು. ಮೊದಲು ಬೈತಲೆಯಷ್ಟು, ಆಮೇಲೆ ಬೆರಳಗಲ, ಬಣ್ಣದ ತುದಿಯನ್ನೆಲ್ಲ ಕತ್ತರಿಸಿಹಾಕಿಸಿದ ಮೇಲೆ ಪೂರ್ತಿ. ಆ ಬಿಳಿ ತಲೆಯಲ್ಲಿ ಮೊದಲ ಮದುವೆಗೆ ಹೋದಾಗ ಹೆಣ್ಣಿನ ತಂದೆ, "ಮಾಸ್ತರು ಬರ್ಲಿಲ್ವಾ? ಅಣ್ಣನ್ನ ಕಳ್ಸಿದ್ದಾರಾ?" ಅಂದನಂತೆ. ಚಿಕ್ಕಪ್ಪ, "ಹೌದು, ಅವನಿಗೆ ಮೈ ಹುಷಾರಿಲ್ಲ" ಎಂದು ಬಾರಿಸಿ ಬಂದ. ಮನೆಗೆ ಬಂದು ಊಟ ಮಾಡಲಿಲ್ಲ. ಆದರೆ ಸೋಮವಾರಗಳು ಒಂದೊಂದಾಗಿ ಬರಿದಾಗಿ ಕಳೆದವು. ಎದ್ದವನೇ ಬಾಗಿಲು ತೆಗೆದು ಹೊಸ್ತಿಲನ್ನು ಕೈಯಿಂದ ಸವರಿ ನೋಡುತ್ತಿದ್ದ. ಹನ್ನೆರಡನೆಯ ಸೋಮವಾರ ಅಲ್ಲಿ ಒಂದು ಇರುವೆ ಸಾಲು ಬಿಟ್ಟು ಬೇರೇನೂ ಇರಲಿಲ್ಲ.

ಮಂಗಳವಾರ ಗಂಗಮ್ಮ ಮನೆ ನೋಡಲು ಬಂದಳು. ಇಸ್ತ್ರಿ ಮಾಡಿದ ಸೀರೆ, ಕಿವಿಯಲ್ಲಿ ಬೆಂಡೋಲೆ. ನಾನು ಮಂಡಕ್ಕಿ ಒಗ್ಗರಣೆ, ಕಾಫಿ ಮಾಡಿಟ್ಟಿದ್ದೆ. ಚಿಕ್ಕಪ್ಪ ತಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿ ಬಂದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. "ಹಾಡು ಬರುತ್ತಾ?" ಎಂದು ಗಂಗಮ್ಮ ಗಂಭೀರವಾಗಿ ಕೇಳಿದಳು. "ಸ್ವಲ್ಪ ಊದ್ತೀನಿ" ಅಂದ. "ಅಡುಗೆ?" "ಅನ್ನ, ಸಾರು." "ನಡೆದು ತೋರ್ಸಿ ಅನ್ನಲ್ಲ, ಅದನ್ನ ಊರೆಲ್ಲ ನೋಡಿದೆ" ಎಂದು ಆಕೆಯೇ ನಕ್ಕುಬಿಟ್ಟಳು. ಆಮೇಲೆ ಎದ್ದು ಮನೆ ನೋಡಿದಳು. ಅಡುಗೆಮನೆ ಸರಿ, ಬಚ್ಚಲು ಸರಿ, ಕಂಬಕ್ಕೆ ಗೆದ್ದಲಿಲ್ಲ. ನಡುಮನೆಯ ಕೊನೆಯಲ್ಲಿ ಬೀಗ ಹಾಕಿದ್ದ ಬಾಗಿಲ ಮುಂದೆ ನಿಂತಳು.

"ಇದು?"

"ಅದು... ಬ್ಯಾಂಡಿನ ಹಳೇ ಸಾಮಾನು."

"ತೆಗೀರಿ ಮಾಸ್ತರೆ."

ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ನೋಡಿದೆ. ಬೀಗ ತೆಗೆದ. ಡ್ರಮ್ಮುಗಳಲ್ಲಿ, ಹಂಡೆಗಳಲ್ಲಿ, ಹರಿದ ಡೋಲುಗಳ ಹೊಟ್ಟೆಯಲ್ಲಿ, ಅಟ್ಟದ ಮೇಲೆ, ಮೂಲೆಯಲ್ಲಿ ಸೂರಿನವರೆಗೂ ಕರೀ ನೊರೆ. ಇಪ್ಪತ್ನಾಲ್ಕು ವರ್ಷದ್ದು. ಒಂದು ಕಡೆ ಆ ಹಸಿರು ನೊರೆ ಇನ್ನೂ ಮಲ್ಲಿಗೆ ವಾಸನೆ ಬೀರುತ್ತಿತ್ತು.

ಗಂಗಮ್ಮ ಹೊಸ್ತಿಲಲ್ಲೇ ನಿಂತು ಒಂದೊಂದು ಡ್ರಮ್ಮನ್ನೂ ನೋಡಿದಳು. "ಬಾಗಿಲಿಗೆ ಬರೋದು ನಿಂತಿತು. ಒಪ್ಪಿದೆ" ಎಂದಳು. "ಇದನ್ನೇನು ಮಾಡ್ತೀರಿ?"

"ಎಲ್ಲರ ಮನೇಲೂ ಇದೆಯಲ್ಲ ಗಂಗಮ್ಮೋರೆ."

"ಎಲ್ಲರ ಮನೆ ನೋಡೋಕೆ ನಾನು ಬಂದಿಲ್ಲ. ಬೀಗ ಹಾಕಿದ ಬಾಗಿಲಿನ ಜೊತೆ ಸಂಸಾರ ಮಾಡೋಕೆ ನನ್ನ ಕೈಲಾಗಲ್ಲ." ಹಾಗೆನ್ನುವಾಗ ಅವಳು ನಮ್ಮನ್ನು ಬಿಟ್ಟು ನೆಲ ನೋಡುತ್ತಿದ್ದಳು, ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದಳು.

ಚಿಕ್ಕಪ್ಪ ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಗಿತ್ತು ಅವನ ಪಾಡು. "ಬಿಸಿಲಿಗಿಟ್ಟುಬಿಡು ಚಿಕ್ಕಪ್ಪ. ಈಗ ಹೇಗೂ ತಲೆ ಬೆಳ್ಳಗಿದೆ, ಇನ್ನೇನು ಮುಚ್ಚಿಡೋದಿದೆ?" ಅಂದೆ.

"ನಿನಗೆ ಅರ್ಥ ಆಗಲ್ಲ ದಾಕ್ಷಿ. ಈಗ ಬೆಳ್ಳಗಿದೆ ಅಂತ ತೋರ್ಸೋದು ಬೇರೆ. ಆವಾಗ ಕಪ್ಪಗಿದ್ದಿದ್ದು ಸುಳ್ಳು ಅಂತ ತೋರ್ಸೋದು ಬೇರೆ. ನಾನು ಬಾರಿಸಿದ ಮದುವೆಗಳೆಲ್ಲ ಆ ತಲೇಲೇ ಬಾರಿಸಿದ್ದು" ಅಂದ. ಅವನನ್ನು ಗೇಲಿ ಮಾಡುವುದು ನನಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವತ್ತು ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ದಡಬಡ ಸದ್ದಾಯಿತು. ಹೊರಗೆ ಬಂದು ನೋಡಿದರೆ ಚಿಕ್ಕಪ್ಪ ಪಂಚೆ ಮೇಲೆತ್ತಿ ಕಟ್ಟಿ, ಮೊದಲ ಡ್ರಮ್ಮನ್ನು ಬೀದಿಗೆ ಉರುಳಿಸುತ್ತಿದ್ದ. ಕೈಯಲ್ಲಿ ಬಾಚಿ ಬಾಚಿ ನಡುಬೀದಿಯಲ್ಲಿ ಹರಡಿದ. ನಾನು ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಹಂಡೆ ಹಿಡಿದೆ. ಬೀದಿಯ ಜನಕ್ಕೆ ಏನು ಮಾಡಬೇಕೋ ತೋಚಲಿಲ್ಲ. ಕಟ್ಟಳೆ ಇರುವುದು ಸೋಮವಾರಕ್ಕೆ, ಇದು ಶುಕ್ರವಾರ. ಆದರೂ ಎಲ್ಲರೂ ಗೋಡೆ ಕಡೆ ತಿರುಗಿದರು. ತರಕಾರಿಯವಳು ಗೋಡೆಗೆ ಮುಖ ಮಾಡಿಯೇ "ಬದನೇಕಾಯ್" ಎಂದು ಕೂಗಿದಳು. ಎದುರು ಮನೆಯ ಓಂಕಾರಯ್ಯ ಮೇಷ್ಟ್ರು, ಎಪ್ಪತ್ತು ದಾಟಿದರೂ ಒಂದು ಬಿಳಿ ಮೀಸೆಗೂದಲು ಇಲ್ಲದವರು, ಕಿಟಕಿ ಮುಚ್ಚಿಕೊಂಡು ಒಳಗಿನಿಂದಲೇ, "ಹಾಲೇಶಪ್ಪ, ಏನಪ್ಪಾ ಇದು? ನಾಳೆ ನಮ್ಮ ಗತಿಯೇನು?" ಅಂದರು.

"ನೋಡ್ರಪ್ಪಾ, ನೋಡಿ" ಎಂದು ಚಿಕ್ಕಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ಇಪ್ಪತ್ನಾಲ್ಕು ವರ್ಷ ನೋಡದೇ ಇದ್ದಿದ್ದಕ್ಕೆ ದೊಡ್ಡ ಉಪಕಾರ ಆಯ್ತು. ಇನ್ನು ಸಾಕು, ಕತ್ತು ನೋಯುತ್ತೆ, ತಿರುಗಿ."

ಒಬ್ಬೊಬ್ಬರಾಗಿ ತಿರುಗಿದರು. ಯಾರೂ ನಗಲಿಲ್ಲ. ನನಗನ್ನಿಸುತ್ತದೆ, ಎಲ್ಲರೂ ಮನಸ್ಸಿನಲ್ಲೇ ತಮ್ಮ ತಮ್ಮ ಕೋಣೆಯ ಉದ್ದಗಲ ಲೆಕ್ಕ ಹಾಕುತ್ತಿದ್ದರು. ಹಳೆಯ ನೊರೆ ಹಟಮಾರಿ, ಹೊತ್ತು ನೆತ್ತಿಗೆ ಬಂದರೂ ಮೇಲೆ ಮೇಲೆ ಸಿಮಿಸಿಮಿ ಅನ್ನುತ್ತಿತ್ತಷ್ಟೆ. ಚಿಕ್ಕಪ್ಪ ಜಗಲಿಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತ. ತಲೆ, ಬಿಸಿಲಿಗೆ, ಬೆಳ್ಳಗೆ ಹೊಳೆಯುತ್ತಿತ್ತು.

ಆ ಹೊತ್ತಿಗೆ ಗಿರಣಿಯ ಕಡೆಯಿಂದ ಗಂಗಮ್ಮ ಬಂದಳು. ಮೈತುಂಬ ಸೀಗೆಧೂಳು, ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಹಿತ್ತಾಳೆ ಚೆಂಬು. ಯಾರನ್ನೂ ನೋಡದೆ ಬಂದು ಬಟ್ಟೆ ಬಿಚ್ಚಿ, ಚೆಂಬನ್ನು ಕರೀ ನೊರೆಯ ಪಕ್ಕದಲ್ಲಿ ಬೋರಲು ಹಾಕಿದಳು. ಒಂದು ಹಿಡಿಯಷ್ಟು ತೆಳು ಗುಲಾಬಿ ನೊರೆ ನೆಲಕ್ಕೆ ಬಿತ್ತು.

"ನಂದು" ಅಂದಳು. "ಬೆಳ್ಳಗೆ ಮಾಡೋ ಕ್ರೀಮು. ಹತ್ತೊಂಬತ್ತು ವರ್ಷ ನನಗೆ. ಗಂಡಿನ ಕಡೆಯೋರು ಬರ್ತಾರೆ ಅಂತ ನಮ್ಮಮ್ಮ ತಂದುಕೊಟ್ಟಿದ್ದು. ಒಂದು ವಾರ ಹಚ್ಚಿದೆ. ಬಂದ್ರು, ಮಂಡಕ್ಕಿ ತಿಂದ್ರು, ಹುಡುಗಿ ಕಪ್ಪು ಅಂದ್ಬಿಟ್ಟು ಹೋದ್ರು. ಸೋಮವಾರ ಬೆಳಿಗ್ಗೆ ಇದು ಬಾಗಿಲಲ್ಲಿ ಕೂತಿತ್ತು. ಅವತ್ತಿಂದ ಸೀಗೆ ಬಿಟ್ಟು ಏನೂ ಮುಟ್ಟಿಲ್ಲ. ಆದ್ರೆ ಇದನ್ನ ಎಸೆಯೋಕೂ ಆಗ್ಲಿಲ್ಲ, ಬಿಸಿಲಿಗಿಡೋಕೂ ಆಗ್ಲಿಲ್ಲ. ಮೊನ್ನೆ ನಿಮಗೆ ದೊಡ್ಡ ಮಾತಾಡಿ ಹೋದೆನಲ್ಲ ಮಾಸ್ತರೆ, ಮನೆಗೆ ಹೋಗಿ ಇದರ ಮುಂದೆ ಕೂತು ಅತ್ತೆ."

ಅವಳ ಮುಖ ನೋಡಲಾಗದೆ ನಾನು ಅಳಲು ಶುರುಮಾಡಿದೆ. ಚಿಕ್ಕಪ್ಪ ಬಗ್ಗಿ ಆ ಹಿಡಿ ನೊರೆಯನ್ನು ನೋಡಿದ. "ಎಂಥ ಕುರುಡ್ರು ಗಂಗಮ್ಮೋರೆ ಅವರು" ಅಂದ. ಜಗಲಿಯ ಮೇಲೆ ಸರಿದು ಜಾಗ ಮಾಡಿದ, ಅವಳು ಕೂತಳು.

ಇಬ್ಬರೂ ಸಂಜೆಯವರೆಗೂ ಕೂತಿದ್ದರು. ಗುಲಾಬಿ ನೊರೆ ಎಲ್ಲಕ್ಕಿಂತ ಕೊನೆಗೆ ಒಣಗಿತು. ನಾಲ್ಕು ಗಂಟೆಯ ಸುಮಾರಿಗೆ ಓಂಕಾರಯ್ಯ ಮೇಷ್ಟ್ರು ಕಿಟಕಿ ಅರ್ಧ ತೆರೆದು, "ಈ ಬಿಸಿಲು ನಾಳೆಯೂ ಇರುತ್ತೇನಪ್ಪಾ?" ಎಂದು ಕೇಳಿದರು. ಇರುತ್ತೆ ಮೇಷ್ಟ್ರೇ ಎಂದೆ.

ಬೀದಿಯಲ್ಲಿ ಒಂದು ಮಸಿ ಕಲೆಯೂ ಉಳಿಯದಾದಾಗ ಗಂಗಮ್ಮ ಎದ್ದು ಒಳಗೆ ಹೋದಳು. ಬರಿದಾದ ಕೋಣೆಯಲ್ಲಿ ಹೆಜ್ಜೆ ಹಾಕಿ ಉದ್ದ ಅಳೆದಳು, ಅಗಲ ಅಳೆದಳು, ಗೋಡೆ ತಟ್ಟಿ ನೋಡಿದಳು. ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೂವತ್ತು ಮೂಟೆ ಸೀಗೆ ಹಿಡಿಯುತ್ತೆ" ಎಂದಳು. "ಗಿರಣೀಲಿ ನಂಗೆ ಜಾಗ ಸಾಲ್ತಿಲ್ಲ. ಆದ್ರೆ ಸೀಗೆಗೆ ಗಾಳಿ ಆಡ್ಬೇಕು ಮಾಸ್ತರೆ, ಇಲ್ಲಾಂದ್ರೆ ಮುಗ್ಗು ಬರುತ್ತೆ."

ಚಿಕ್ಕಪ್ಪ ಒಳಗೆ ಹೋದ. ಸುತ್ತಿಗೆಯ ಏಟು ಕೇಳಿಸಿತು, ಮರ ಕಿರುಗುಟ್ಟಿತು, ಸ್ವಲ್ಪ ಹೊತ್ತಿಗೆ ನೊರೆಕೋಣೆಯ ಬಾಗಿಲನ್ನು ಚಿಲಕ, ಬೀಗ, ಕೀಲುಗಳ ಸಮೇತ ಬೆನ್ನ ಮೇಲೆ ಹೊತ್ತುಕೊಂಡು ಬಂದು ಬೀದಿಯಲ್ಲಿ ಇಳಿಸಿದ.

"ಈಗ ಗಾಳಿ ಆಡುತ್ತಾ ನೋಡಿ" ಅಂದ.